ಒಂದೇ ಅಡ್ಡಹೆಸರಿನ ಇಬ್ಬರು

ಗಲ್ಫಿನ ಸೂರ್ ಪಟ್ಟಣದಲ್ಲಿ ನಮ್ಮ ಯಜಮಾನರು ಕೆಲಸ ಮಾಡುವ ಗ್ಯಾಸ್ ಪ್ಲಾಂಟಿನಲ್ಲಿ ಒಂದೇ ಅಡ್ಡಹೆಸರಿನ ಇಬ್ಬರು ಜರ್ಮನರಿದ್ದರು. ಒಬ್ಬರು ಇಡೀ ಪ್ಲಾಂಟಿಗೆ ದೊಡ್ಡ ಸಾಹೇಬರು. ಇನ್ನೊಬ್ಬ ಟರ್ಬೈನ್ ರಿಪೇರಿಯವನು. ಕಂಪನಿ ಕಾಲೊನಿಯಲ್ಲಿ ನಮ್ಮ ಹಿಂದಿನ ಸಾಲಿನ ಮನೆಯಲ್ಲಿ ಹೆಂಡತಿಯೊಂದಿಗಿದ್ದ. ಅಣ್ಣ ಬಂದು ಆಮೇಲೆ ತಮ್ಮನಿಗೆ ವೀಸಾ ತೆಗೆಸುವುದು ಗಲ್ಫಿನ ರೂಢಿಯಲ್ಲವೇ? ಹಾಗಾಗಿ ಯಾರೂ ಕೇಳದೆಯೇ ಅವರಿಬ್ಬರನ್ನೂ ನಾವು ಅಣ್ಣತಮ್ಮಂದಿರನ್ನಾಗಿ ಮಾಡಿಬಿಟ್ಟಿದ್ದೆವು.

"ಅಣ್ಣ ಇವತ್ತೂ ತಮ್ಮಗ ರಜಾ ಕೊಡಲಿಲ್ಲ ನೋಡ," ಎಂದು ನಮ್ಮವರು ಊಟಕ್ಕೆ ಕೂತಾಗ ನಗುತ್ತಿದ್ದರು.

ಕಡುಬೇಸಿಗೆಯ ಒಂದು ಬೆಳಿಗ್ಗೆ ರಿಪೇರಿಯವನು ಕೆಲಸದಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರೇ ಅನ್ನ ಒಯ್ಯಬೇಕು. ವಿಜಯಪುರ ಕಡೆಯ ನೆರೆಮನೆಯಾಕೆಯೂ ನಾನೂ ಸೇರಿ ಮೆತ್ತಗೆ ಅನ್ನ, ಖಾರವಿಲ್ಲದ ಬೇಳೆಸಾರು ಮಾಡಿ ಸಂಜೆ ಡಬ್ಬಿ ಹಿಡಿದು ಹೊರಟೆವು. ಆ ಮನೆಯ ಪರದೆಗಳೆಲ್ಲ ಮುಚ್ಚಿದ್ದವು. ಬಾಗಿಲ ಹೊರಗೆ ಒಂದು ಜೋಡಿ ಚಪ್ಪಲಿಯೂ ಇರಲಿಲ್ಲ.

"ಬೆಲ್ ಒತ್ತೋಣೇನ್ರಿ?" ಎಂದೆ.

"ಇಂಥಾ ಹೊತ್ತಿನ್ಯಾಗ ಒಬ್ಬಾಕಿನ್ನ ಬಿಡ್ತಾರೇನ್ರೀ ವೈನಿ? ಭಾವನ ಮನಿಗೆ ಕರಕೊಂಡು ಹೋಗಿರ್ತಾರ. ನಡೀರಿ."

ಸಾಹೇಬರ ಬಾಗಿಲ ಮುಂದೆ ಹೂಗುಚ್ಛ, ಖರ್ಜೂರದ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಇಡೀ ಕಾಲೊನಿ ಅಲ್ಲಿಗೇ ಬಂದು ಹೋಗಿತ್ತು. ಸಾವಿನ ಕಾಗದಪತ್ರದ ಓಡಾಟ ಮುಗಿಸಿ ಸಾಹೇಬರು ಆಗಷ್ಟೇ ಕಾರಿನಿಂದ ಇಳಿದರು. ಹೂವು ನೋಡಿದರು, ನಮ್ಮನ್ನು ನೋಡಿದರು.

"ಆತ ನನಗೆ ಏನೂ ಆಗಬೇಕಿಲ್ಲ," ಎಂದರು ಇಂಗ್ಲಿಷಿನಲ್ಲಿ. "ಹಿಟ್ಟಿನ ಗಿರಣಿಯವರ ಹೆಸರು ಇದು, ನಮ್ಮಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಆತನ ಹೆಂಡತಿಯನ್ನು ಮಧ್ಯಾಹ್ನವೇ ಮನೆಗೆ ಬಿಟ್ಟು ಹೋದೆ. ನೀವೆಲ್ಲ ಜೊತೆಗಿರುತ್ತೀರಿ ಅಂದುಕೊಂಡಿದ್ದೆ."

ನಮ್ಮ ಕಡೆ ಬಡಿಗೇರ ಅಡ್ಡಹೆಸರಿನವರು ಊರೂರಿಗೂ ಇದ್ದಾರೆ. ಅವರೆಲ್ಲ ಒಂದೇ ಮನೆಯವರೆಂದು ನಾವು ಯಾವತ್ತೂ ತಿಳಿದವರಲ್ಲ.

ಹೂವನ್ನೂ ಎತ್ತಿಕೊಂಡು ರಿಪೇರಿಯವನ ಮನೆಗೆ ತಿರುಗಿ ಬಂದೆವು. ಬೆಲ್ ಒತ್ತಿದ ಕೂಡಲೇ ಬಾಗಿಲು ತೆರೆಯಿತು. ಅವನ ಹೆಂಡತಿ ಒಳಗೆ ಗೋಡೆಗುಂಟ ಕುರ್ಚಿ ಹಾಕಿ, ಮೇಜಿನ ಮೇಲೆ ಕಪ್ಪುಗಳನ್ನು ಜೋಡಿಸಿ, ಕಾಫಿ ಮಾಡಿಟ್ಟಿದ್ದಳು. ಒಂದು ಕಪ್ಪೂ ಎಂಜಲಾಗಿರಲಿಲ್ಲ.

"ಯಾರೂ ಬರಲಿಲ್ಲ," ಎಂದಳು. "ಇಷ್ಟು ವರ್ಷದಲ್ಲಿ ಅವನು ಇಲ್ಲಿ ಒಬ್ಬರಿಗೂ ಬೇಕಾಗಲಿಲ್ಲವೇ ಎಂದು ಯೋಚಿಸುತ್ತಿದ್ದೆ."

ನೆರೆಮನೆಯಾಕೆ ಹೂವು ಮುಂದೆ ಹಿಡಿದು ನಡೆದದ್ದನ್ನೆಲ್ಲ ಹೇಳಿದಳು. ಅವನ ಹೆಂಡತಿ ಹೂವಿಗೆ ಸಿಕ್ಕಿಸಿದ್ದ ಒಂದು ಚೀಟಿ ಓದಿದಳು. ಅದರಲ್ಲಿ ಸಾಹೇಬರ ಹೆಸರಿತ್ತು.

"ಇವು ಅವರಿಗೆ ಬಂದವು," ಎಂದು ಹೂವನ್ನು ಬಾಗಿಲ ಹೊರಗಿಟ್ಟು, ನಮ್ಮಿಬ್ಬರಿಗೆ ಕಾಫಿ ಬಗ್ಗಿಸಿದಳು. ಸಾವಿನ ಮನೆಯಲ್ಲಿ ನಮ್ಮವರು ನೀರೂ ಮುಟ್ಟುವುದಿಲ್ಲ. ಕಾಫಿ ಆರಿ ತಣ್ಣಗಾಗಿತ್ತು. ತಳ ಕಾಣುವವರೆಗೆ ಕುಡಿದೆವು.