ತುಳಸವ್ವನ ಕಣ್ಣು, ಇನ್ನೊಬ್ಬರ ಮುಖ

ಇದನ್ನು ಬರೆಯುವ ಮೊದಲು ಐಗಳಿಯ ತುಳಸವ್ವನ ಕ್ಷಮೆ ಕೇಳಬೇಕು. ಒಂದು ಸುದ್ದಿಯಿಂದಲೇ ಬೆದರಿದವರನ್ನು ಮತ್ತೆ ಸುದ್ದಿಗೆ ಎಳೆಯುವುದು ಸರಿಯೇ ಎಂಬ ಅಳುಕು ಇನ್ನೂ ಹೋಗಿಲ್ಲ. "ಟಿವಿಯವ್ರು ಅರ್ಧಾ ಹೇಳಿ ಹೋಗ್ಯಾರ, ನೀವಾದ್ರೂ ಪೂರಾ ಬರೀರಿ" ಎಂದು ಸಮಾಧಾನ ಎಂಬ ಹೆಸರಿನ ಚಿತ್ರಕಾರರು ಕೇಳಿಕೊಂಡದ್ದರಿಂದ ಇಷ್ಟು ಧೈರ್ಯ.

ಬೆಳಕು ಹರಿಯುತ್ತಿದೆ. ತಗಡಿನ ಶೆಡ್ಡಿನ ಬಾಗಿಲಲ್ಲಿ ಕ್ಯಾನ್ವಾಸ್ ನಿಲ್ಲಿಸಿಕೊಂಡು ಸಮಾಧಾನ ಒಬ್ಬ ಮುದುಕರ ಮೀಸೆ ತಿದ್ದುತ್ತಿದ್ದಾರೆ. ರುಮಾಲು, ಹಣೆಗೆ ಬಳಿದ ಅರಿಸಿನದ ಭಂಡಾರ, ಎಲ್ಲ ಮುಗಿದಿದೆ. ಕಣ್ಣಿನ ಜಾಗ ಮಾತ್ರ ಖಾಲಿ. ಕುಂಚ ಅಲ್ಲಿಯ ತನಕ ಹೋಗಿ ಹಿಂದೆ ಸರಿಯುತ್ತದೆ.

ನಿಪ್ಪಾಣಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತ ಕೈ ಪಳಗಿಸಿಕೊಂಡವರು ಇವರು. ಫ್ಲೆಕ್ಸ್ ಬಂದು ಬೋರ್ಡು ಹೋಯಿತು. ಕ್ಯಾಮೆರಾ ಹಿಡಿದರೆ, ಮೊಬೈಲು ಬಂದು ಮದುವೆಯ ಫೋಟೊಗಳೂ ಹೋದವು. ಉಳಿದದ್ದು ಸತ್ತವರ ಮುಖ. ಬದುಕಿದ್ದಾಗ ಒಂದು ನೆಟ್ಟಗಿನ ಫೋಟೊ ತೆಗೆಸಿಕೊಳ್ಳದವರ ಮನೆಯಿಂದ ಕರೆ ಬರುತ್ತದೆ. ಹೆಣದ ಫೋಟೊ ತೆಗೆದು, ಅದನ್ನು ನೋಡಿ ಬಣ್ಣದಲ್ಲಿ ಮುಖ ಬರೆದು, ಮುಚ್ಚಿದ ಕಣ್ಣು ತೆರೆಸಿ ಕೊಡುತ್ತಾರೆ. ಆ ಕಣ್ಣಿಗಾಗಿ ಬದುಕಿರುವ ಯಾರನ್ನಾದರೂ ನೋಡಬೇಕು. ಎದುರು ಮನೆಯ ತುಳಸವ್ವ ದ್ರಾಕ್ಷಿ ತೋಟದ ಕೂಲಿಗೆ ಹೊರಡುವ ಮುನ್ನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಸಮಾಧಾನ ಅವರನ್ನೇ ನೋಡಿ ಬರೆಯುತ್ತಿದ್ದರು. ಹೇಳಿರಲಿಲ್ಲ.

ಹೋದ ತಿಂಗಳು ಒಂದು ವಾಹಿನಿಯವರು ಬಂದರು. ಯಾರ ಕಣ್ಣು ಎಂದು ಕೇಳಿದಾಗ ಸಮಾಧಾನ ಹಿಗ್ಗಿನಲ್ಲಿ ಎದುರು ಮನೆಗೆ ಬೆರಳು ತೋರಿಸಿಬಿಟ್ಟರು. "ಸತ್ತವರಿಗೆ ಈ ಹೆಂಗಸಿನ ಕಣ್ಣು" ಎಂಬ ವಿಡಿಯೊ ಊರೂರು ತಿರುಗಿತು. ಅಷ್ಟರಲ್ಲಾಗಲೇ ತುಳಸವ್ವನ ಕಣ್ಣು ಮಂಜಾಗಿತ್ತು. ಪೊರೆ ಬಲಿತಿದೆ, ತಡ ಮಾಡಿದರೆ ದೃಷ್ಟಿ ಹೋದೀತು ಎಂದು ಅಥಣಿಯ ಡಾಕ್ಟರರು ಆಪರೇಶನ್ನಿಗೆ ದಿನ ಕೊಟ್ಟಿದ್ದರು. ವಿಡಿಯೊದ ಮಾತು ಕೇಳಿದ ಮೇಲೆ ತುಳಸವ್ವ ಹೋಗಲು ಒಪ್ಪುತ್ತಿಲ್ಲ.

"ಎಷ್ಟ ಮಂದಿಗಿ ಕೊಟ್ಟೀಯೋ ಯಪ್ಪಾ ನನ್ನ ಕಣ್ಣ? ನನಗ ಏನರ ಉಳಿಸೀಯೋ ಇಲ್ಲೋ?"

"ಮಾವಶಿ, ನೋಡಿ ಬರದೀನಿ. ಕಿತ್ತಕೊಂಡಿಲ್ಲ." ಚಿಕ್ಕಮ್ಮನಂತೆ ಕಂಡು ಮಾವಶಿ ಎನ್ನುವ ಸಮಾಧಾನರ ಉತ್ತರ.

"ಸತ್ತವ್ರು ಗ್ವಾಡಿ ಮ್ಯಾಲ ಕುಂತ ನೋಡಾಕತ್ತಾರ. ನನಗ ನನ್ನ ಬಾಗಲಾನ ಕಾಣವಲ್ದು."

ಆ ಕಣ್ಣುಗಳನ್ನೆಲ್ಲ ಅಳಿಸಿ ಬಾ, ಆಮೇಲೆ ಆಸ್ಪತ್ರೆಯ ಮಾತು ಎಂದರು ತುಳಸವ್ವ. ಸಮಾಧಾನ ಬಣ್ಣದ ಡಬ್ಬಿ ಹಿಡಿದು ಹೊರಟೇಬಿಟ್ಟರು. ತೀರಿಹೋದ ತಾಯಿಯ ಚಿತ್ರ ಬರೆಸಿಕೊಂಡಿದ್ದ ಕೊಕಟನೂರಿನ ಮಾಳಸಿದ್ದ ಹೊಸ್ತಿಲಲ್ಲೇ ತಡೆದು, "ನಮ್ಮವ್ವ ಈಗಾದ್ರೂ ನಮ್ಮನ್ನ ನೋಡಾಕತ್ತಾಳ. ಆಕಿನ್ನ ಕುರುಡ ಮಾಡಿ ಹೋಗಾವೇನ?" ಎಂದರು. ಗೋಡೆಯ ಮೇಲಿನ ಆ ತಾಯಿಯ ನೋಟಕ್ಕೆ ನೋಟ ಕೊಡಲಾಗದೆ ಸಮಾಧಾನ ಹಿಂದಿರುಗಿದರು. ಬೇರೆ ಮನೆಗೆ ಹೋಗುವ ಧೈರ್ಯ ಬರಲಿಲ್ಲ.

ವಾಹಿನಿಗಳ ಫೋನುಗಳು ಈಗಲೂ ಬರುತ್ತವೆ, ಸಮಾಧಾನ ಎತ್ತುವುದಿಲ್ಲ. "ಇಂಥಾದ್ದೆಲ್ಲಾ ನಾ ನಂಬೂದಿಲ್ರಿ. ಖರೇ, ಕಣ್ಣ ಬರ್ಯಾಕ ಹೋಗಿ ಕುಂಚ ಕೆಳಗ ಇಡತೀನಿ. ಹೆಸರ ಬ್ಯಾಡ್ರಿ ನನಗ. ಮಾವಶಿ ಆಪರೇಶನ್ ಮಾಡಿಸ್ಕೊಂಡ ಬಂದ, ನನ್ನ ಮಾರಿ ನೋಡಿ ನಾಕ ಬೈದ್ರ ಸಾಕ."

ಡಾಕ್ಟರರು ಕೊಟ್ಟ ದಿನ ನಾಳೆ. ತುಳಸವ್ವನ ಬಾಗಿಲಿಗೆ ಸಮಾಧಾನ ಗಾಡಿ ಹೇಳಿಟ್ಟಿದ್ದಾರೆ. ತುಳಸವ್ವ ಅದನ್ನು ಹತ್ತುತ್ತಾರೋ ಇಲ್ಲವೋ, ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಗೊತ್ತಾಗಿಲ್ಲ.