ಅರ್ಧ ಮೈದಾನದ ಕಾಮೆಂಟರಿ

2003ರಲ್ಲಿ ನಾನು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಟ್ರಾನ್ಸ್‌ಮಿಷನ್ ಎಂಜಿನಿಯರ್ ಆಗಿದ್ದೆ. ಚಿತ್ರೀಕರಣ ಮುಗಿದ ಸಿನಿಮಾ ಮತ್ತು ಟಿ.ವಿ. ಕಾರ್ಯಕ್ರಮಗಳಿಗೆ ಧ್ವನಿ ಕೂಡಿಸುವುದು, ಧ್ವನಿ ತಿದ್ದುವುದು ನಮ್ಮ ಸ್ಟುಡಿಯೋದ ಕಸುಬು. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕುಳಿತ ನಟನ ಮಾತು ಫೋನ್ ಲೈನಿನ ಮೂಲಕ ನಮ್ಮ ಕೋಣೆಗೆ ಶುದ್ಧವಾಗಿ ಬಂದು ಸೇರುವಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಮದುವೆಯಾಗಿ ಇಲ್ಲಿನ ಡೈಮಂಡ್ ಬಾರ್ ಎಂಬ ಊರಿಗೆ ಬಂದು, ಈ ಕೆಲಸಕ್ಕೆ ಸೇರಿ ಆಗ ಏಳು ವರ್ಷವಾಗಿತ್ತು. ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಚೆಂಡನ್ನು ಕೈಯಲ್ಲಿ ಮುಟ್ಟಬಾರದು ಎಂಬುದಷ್ಟೇ.

ನಮ್ಮ ಹಿರಿಯ ಸೌಂಡ್ ಮಿಕ್ಸರ್ ಡಂಕನ್ ಸ್ಕಾಟ್ಲೆಂಡಿನವರು. ವಯಸ್ಸು ಅರವತ್ತರ ಹತ್ತಿರ, ಮಾತು ಕಮ್ಮಿ. ಸೋಮವಾರ ಬೆಳಿಗ್ಗೆ ಅವರ ಮುಖ ನೋಡಿದರೆ ಅವರೂರಿನ ಕ್ಲಬ್ಬು ಶನಿವಾರ ಗೆದ್ದಿತೋ ಸೋತಿತೋ ತಿಳಿಯುತ್ತಿತ್ತು. ಆ ಕ್ಲಬ್ಬನ್ನು ಇಲ್ಲಿ ಡ್ರಮ್‌ಕಾರ್ನ್ ರೋವರ್ಸ್ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಆ ವರ್ಷದ ಕೊನೆಯ ಹೊತ್ತಿಗೆ ಅವರ ಮುಖ ವಾರವಿಡೀ ಸೋತ ಸೋಮವಾರದಂತೆಯೇ ಇರತೊಡಗಿತು. ಕೇಳಿದಾಗ ಹೇಳಿದರು: ಕ್ಲಬ್ಬು ದಿವಾಳಿಯ ಅಂಚಿಗೆ ಬಂದಿದೆ, ಕೋರ್ಟು ಒಬ್ಬ ಆಡಳಿತಾಧಿಕಾರಿಯನ್ನು ನೇಮಿಸಿದೆ, ಸಂಬಳ ಕೊಡಲಾಗದೆ ಅರ್ಧಕ್ಕರ್ಧ ಆಟಗಾರರನ್ನು ಕಳುಹಿಸಿಬಿಟ್ಟಿದ್ದಾರೆ. ಊರಿನ ಕೆಲವು ವ್ಯಾಪಾರಿಗಳು ಕ್ಲಬ್ಬನ್ನು ವಹಿಸಿಕೊಳ್ಳಲು ತಯಾರಿದ್ದರು, ಆದರೆ ಅವರದೊಂದು ಷರತ್ತಿತ್ತು. ಸ್ಕಾಟ್ಲೆಂಡಿನ ಲೀಗಿನಲ್ಲಿ ಆಗ ಒಂದೊಂದು ಡಿವಿಷನ್ನಿಗೆ ಹತ್ತು ತಂಡ. ಕೊನೆಯ ಎರಡು ತಂಡಗಳು ಮುಂದಿನ ವರ್ಷ ಕೆಳಗಿನ ಡಿವಿಷನ್ನಿಗೆ ಇಳಿಯಬೇಕು. ಇದನ್ನೇ ರೆಲಿಗೇಷನ್ ಎನ್ನುತ್ತಾರೆ. ಡ್ರಮ್‌ಕಾರ್ನ್ ಎರಡನೇ ಡಿವಿಷನ್ನಿನಲ್ಲೇ ಉಳಿದರೆ ವ್ಯಾಪಾರಿಗಳು ಬರುತ್ತಾರೆ. ಇಳಿದರೆ ಇಲ್ಲ. ಅಲ್ಲಿಯವರೆಗೆ ಕ್ಲಬ್ಬು ಹೇಗೋ ಉಸಿರು ಹಿಡಿದುಕೊಂಡಿರಬೇಕು.

ಡಂಕನ್ ನನ್ನ ಬಳಿ ತಂದದ್ದು ಒಂದು ತಾಂತ್ರಿಕ ಪ್ರಶ್ನೆ. ಅವರ ಮೈದಾನದಲ್ಲಿ ಮೋರಾಗ್ ಎಂಬ ಮಹಿಳೆ ಪ್ರತಿ ಪಂದ್ಯಕ್ಕೂ ಕಾಮೆಂಟರಿ ಹೇಳುತ್ತಿದ್ದರು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಆಕೆ ಹೇಳುತ್ತಿದ್ದದ್ದು ರೇಡಿಯೋಗಲ್ಲ. ಹೆಡ್‌ಫೋನ್ ಹಾಕಿಕೊಂಡು ಆಕೆಯ ಪಕ್ಕದಲ್ಲೇ ಕೂರುತ್ತಿದ್ದ ನಾಲ್ವರು ಅಂಧ ಅಭಿಮಾನಿಗಳಿಗೆ. ಆ ಧ್ವನಿಯನ್ನು ಇಂಟರ್ನೆಟ್ಟಿಗೆ ದಾಟಿಸಿದರೆ, ಕೆನಡಾದಲ್ಲಿ, ಆಸ್ಟ್ರೇಲಿಯಾದಲ್ಲಿ, ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಊರಿನವರು ತಿಂಗಳಿಗೆ ಐದು ಡಾಲರ್ ಕೊಟ್ಟು ಕೇಳಬಹುದಲ್ಲವೇ ಎಂದು ಡಂಕನ್ ಕೇಳಿದರು. ಲೀಗಿನ ಕಚೇರಿ ಬ್ರಿಟನ್ನಿನ ಹೊರಗೆ ಮಾತ್ರ ಎಂಬ ನಿಬಂಧನೆಯ ಮೇಲೆ ಅನುಮತಿ ಕೊಟ್ಟಿತ್ತು. ಕ್ಲಬ್ಬಿನಲ್ಲಿ ಉಪಕರಣವಿರಲಿಲ್ಲ. ನಮ್ಮಲ್ಲಿ ಇತ್ತು, ಶನಿವಾರ ಬೆಳಿಗ್ಗೆ ಅದು ಸುಮ್ಮನೆ ಕೂತಿರುತ್ತಿತ್ತು. ಅಲ್ಲಿ ಮಧ್ಯಾಹ್ನ ಮೂರಕ್ಕೆ ಆಟ ಶುರುವಾದರೆ ನಮಗೆ ಬೆಳಿಗ್ಗೆ ಏಳು. ಸ್ಟುಡಿಯೋದ ಮಾಲೀಕರು ಹತ್ತು ಗಂಟೆಗೆ ಕೋಣೆ ಖಾಲಿಯಾಗಿರಬೇಕು ಎಂದಷ್ಟೇ ಹೇಳಿ ಒಪ್ಪಿಗೆ ಕೊಟ್ಟರು.

ಇನ್ನು ಬೇಕಿದ್ದದ್ದು ಸರ್ವರ್: ನಮ್ಮಿಂದ ಒಂದು ಧ್ವನಿ ಪಡೆದು ನೂರಾರು ಕಂಪ್ಯೂಟರುಗಳಿಗೆ ಹಂಚುವ ಯಂತ್ರ. ಸ್ಯಾನ್ ಡಿಯಾಗೋದಲ್ಲಿ ವಸಂತ್ ಕಾಮತ್ ಎನ್ನುವವರು ಅಂಥ ಸರ್ವರುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಸ್ಟುಡಿಯೋದ ಕೆಲಸಕ್ಕಾಗಿ ಎರಡು ವರ್ಷ ಅವರೊಂದಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ವ್ಯವಹರಿಸಿದ್ದೆ. ಈ ಕೆಲಸಕ್ಕೆಂದು ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋದ ದಿನ, ಪರೀಕ್ಷೆ ಮಾಡುತ್ತಿದ್ದಾಗ ಯಂತ್ರ ನಿಂತುಹೋಗಿ, ನನ್ನ ಬಾಯಿಂದ "ಅಯ್ಯೋ, ಮತ್ತೆ ಹೋಯ್ತಲ್ಲ" ಎಂದು ಬಂದುಬಿಟ್ಟಿತು. ಕಾಮತ್ ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದರು.

"ನಿಮ್ಗೆ ಕನ್ನಡ ಬರ್ತದಾ ಮೇಡಂ? ಎರಡು ವರ್ಷ ಇಂಗ್ಲಿಷಲ್ಲಿ ಜಗಳ ಮಾಡಿದ್ದೇವಲ್ಲ ಮಾರಾಯ್ರೆ."

ಉಡುಪಿಯವರು. ಡಂಕನ್ ಕೊಡಲು ಬಂದ ಬಾಡಿಗೆಯನ್ನು ಅವರು ಅರ್ಧಕ್ಕಿಳಿಸಿದರು. ಫುಟ್‌ಬಾಲಿನಲ್ಲಿ ತನಗೆ ಏನೂ ಆಸಕ್ತಿಯಿಲ್ಲ ಎಂದು ಎರಡೆರಡು ಸಲ ಹೇಳಿದರು.

ಮೊದಲ ಶನಿವಾರ ಧ್ವನಿಯೇ ಬರಲಿಲ್ಲ. ಕ್ಲಬ್ಬಿನ ಕಚೇರಿಯಿಂದ ನಮಗೆ ಫೋನ್ ಮಾಡುವುದೆಂದು ಮಾತಾಗಿತ್ತು, ಆದರೆ ಬಿಲ್ಲು ಕಟ್ಟಿಲ್ಲವೆಂದು ಫೋನ್ ಕಂಪನಿ ಅಲ್ಲಿಂದ ಹೊರಹೋಗುವ ಕರೆಗಳನ್ನು ನಿಲ್ಲಿಸಿಬಿಟ್ಟಿತ್ತು. ಡಂಕನ್ ತಲೆಯ ಮೇಲೆ ಕೈಹೊತ್ತು ಕೂತರು. ಹೊರಹೋಗುವ ಕರೆ ನಿಂತಿದ್ದರೂ ಒಳಬರುವ ಕರೆ ನಿಂತಿರಲಾರದು ಎಂದು ನನಗೆ ಹೊಳೆದು, ನಾನೇ ಡಯಲ್ ಮಾಡಿದೆ. ರಿಂಗಾಯಿತು. ಮಾರನೆಯ ವಾರವೇ ಬರ್ಬ್ಯಾಂಕಿನಿಂದ ಒಂದು ಕಪ್ಲರ್ ಕಳುಹಿಸಿದೆವು. ಫೋನ್ ರಿಂಗಾದರೆ ತಾನೇ ಎತ್ತಿಕೊಂಡು, ಮೋರಾಗರ ಮೈಕಿನ ಧ್ವನಿಯನ್ನು ಲೈನಿಗೆ ದಾಟಿಸುವ ಪುಟ್ಟ ಪೆಟ್ಟಿಗೆ ಅದು. ಅಲ್ಲಿಂದ ಮುಂದೆ ಆ ಮೈದಾನದಲ್ಲಿ ಆಟವಿದ್ದ ಪ್ರತಿ ಶನಿವಾರ ನಾವು ಡಯಲ್ ಮಾಡುತ್ತಿದ್ದೆವು, ಪೆಟ್ಟಿಗೆ ಎತ್ತಿಕೊಳ್ಳುತ್ತಿತ್ತು.

ಮೋರಾಗರ ಕಾಮೆಂಟರಿ ನಾನು ಟಿ.ವಿ.ಯಲ್ಲಿ ಕೇಳಿದ್ದ ಯಾವುದರಂತೆಯೂ ಇರಲಿಲ್ಲ. ಕಣ್ಣಿಲ್ಲದವರಿಗೆ ಹೇಳುವ ಅಭ್ಯಾಸದಿಂದ ಆಕೆ ಏನನ್ನೂ ಬಿಡುತ್ತಿರಲಿಲ್ಲ. ಚೆಂಡು ಎಲ್ಲಿದೆ, ಗೋಲ್‌ಕೀಪರ್ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾನೆ, ರೆಫರಿಯ ಶೂ ಲೇಸು ಬಿಚ್ಚಿದೆ ಎಂಬುದೂ ಸೇರಿ ಎಲ್ಲವೂ ಬರುತ್ತಿತ್ತು. ಮೂರು ವಾರದಲ್ಲಿ ನನಗೆ ಹನ್ನೊಂದು ಮಂದಿ ಆಟಗಾರರ ಹೆಸರೂ ಬಾಯಿಪಾಠವಾದವು. ಶನಿವಾರ ಬೆಳಿಗ್ಗೆ ಐದೂವರೆಗೆ ನಾನು ಕಾರಿನ ಕೀ ಹುಡುಕುವುದನ್ನು ನೋಡಿ ನನ್ನ ಗಂಡ, ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ಹೊತ್ತಿಗೆ ಓಡುವವರನ್ನು ಕಂಡಿಲ್ಲ ಎಂದರು. ಧ್ವನಿ ಬಂದ ಮೊದಲ ದಿನ ಹನ್ನೊಂದು ಮಂದಿ ಕೇಳಿದ್ದರು. ಏಪ್ರಿಲಿನಲ್ಲಿ ಆ ಸಂಖ್ಯೆ ಇನ್ನೂರು ದಾಟಿತು. ಬಂದ ಹಣ ಆಟಗಾರರ ಬಸ್ಸಿನ ಬಾಡಿಗೆಗೆ ಹೋಗುತ್ತಿತ್ತೆಂದು ಮೋರಾಗ್ ಬರೆದಿದ್ದರು. ತಂಡ ಮಾತ್ರ ಒಮ್ಮೆ ಗೆದ್ದು ಎರಡು ಸಲ ಸೋಲುತ್ತ ಕೆಳಗೇ ತೂಗಾಡುತ್ತಿತ್ತು.

ಹೀಗೆ 2004ರ ಮೇ ತಿಂಗಳ ಕೊನೆಯ ಪಂದ್ಯ ಬಂತು. ನಮ್ಮ ತಂಡ ಕೊನೆಯಿಂದ ಎರಡನೆಯದು. ಗೆದ್ದರೆ ಉಳಿವು; ಡ್ರಾ ಆದರೂ ಇಳಿದಂತೆಯೇ. "ನಮ್ಮ ತಂಡ" ಎಂದು ನಾನು ಯಾವಾಗಿನಿಂದ ಹೇಳತೊಡಗಿದೆನೋ ನನಗೇ ತಿಳಿಯದು.

ಆ ದಿನ ನಾನು ಆರು ಗಂಟೆಗೇ ಕಂಟ್ರೋಲ್ ರೂಮಿನಲ್ಲಿದ್ದೆ. ರೂಢಿಯಂತೆ ಮೊಬೈಲ್ ಆಫ್ ಮಾಡಿದೆ. ಕೋಣೆಯಲ್ಲಿ ಎರಡು ಫೋನ್ ಲೈನ್. ಒಂದರಲ್ಲಿ ಮೋರಾಗ್, ಇನ್ನೊಂದು ಖಾಲಿ. ಸ್ಯಾನ್ ಡಿಯಾಗೋದಿಂದ ಕಾಮತ್ ಸರ್ವರ್ ನೋಡಿಕೊಳ್ಳುತ್ತಿದ್ದರು. ಪರದೆಯ ಮೇಲಿನ ಕೇಳುಗರ ಲೆಕ್ಕ ನಾನೂರರ ಹತ್ತಿರ ಹೋಗುತ್ತಿತ್ತು. ಮೊದಲರ್ಧದಲ್ಲಿ ಎದುರಾಳಿಗಳು ಒಂದು ಗೋಲು ಹೊಡೆದರು. ವಿರಾಮ ಮುಗಿದ ಹತ್ತು ನಿಮಿಷಕ್ಕೆ ನಮ್ಮವರು ಸರಿಗಟ್ಟಿದರು. ಡಂಕನ್ ಎದ್ದು ನಿಂತವರು ಮತ್ತೆ ಕೂರಲೇ ಇಲ್ಲ.

ಎಪ್ಪತ್ತೊಂದನೇ ನಿಮಿಷ. ಮೋರಾಗ್ ಒಂದು ವಾಕ್ಯದ ನಡುವೆ ಇದ್ದರು. ಲೈನ್ ಕಡಿಯಿತು.

ನಾನು ಮರುಡಯಲ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ದೋಷ ನಮ್ಮ ಕಡೆಯದೇ ಇರಬಹುದೆಂದು ಕೇಬಲ್ಲು ಬದಲಿಸಿದೆ, ವೈರುಗಳು ಕೂಡುವ ಪ್ಯಾಚ್ ಪ್ಯಾನೆಲ್ ನೋಡಿದೆ, ಇನ್ನೊಮ್ಮೆ ಡಯಲ್ ಮಾಡಿದೆ. ಡಂಕನ್ ಗಡಿಯಾರ ನೋಡಿ ನಾಲ್ಕು ನಿಮಿಷವಾಯಿತು ಎಂದಾಗಲೇ ನನಗೆ ಎಚ್ಚರವಾದದ್ದು. ನಾಲ್ಕು ನಿಮಿಷ ನಾನೂರು ಮಂದಿ ಬರೀ ಮೌನ ಕೇಳುತ್ತ ಕೂತಿದ್ದಾರೆ. ನಾನು ಅವರಿಗೆ ಒಂದು ಮಾತೂ ಹೇಳಿಲ್ಲ. ಅವರೇನು ಮಾಡುತ್ತಾರೆ? ಸ್ಕೋರು ತಿಳಿಯಲು ಕ್ಲಬ್ಬಿಗೆ ಫೋನ್ ಮಾಡುತ್ತಾರೆ. ಅಲ್ಲಿರುವುದು ಅದೊಂದೇ ಲೈನ್; ಪೆಟ್ಟಿಗೆ ಎತ್ತಿಕೊಳ್ಳುತ್ತದೆ, ಮೋರಾಗ್ ಕೇಳಿಸುತ್ತಾರೆ. ಕೇಳಿಸಿದವರು ಇಡುವುದುಂಟೇ?

"ನನ್ನ ತಂಗಿಯ ಮನೆ ಮೈದಾನದ ಪಕ್ಕದಲ್ಲೇ ಇದೆ," ಎಂದರು ಡಂಕನ್. "ಮಹಡಿ ಕಿಟಕಿಯಿಂದ ಕಾಣುತ್ತದೆ. ಅರ್ಧ ಮಾತ್ರ."

ಅರ್ಧವೇ ಸಾಕೆಂದು ಎರಡನೇ ಲೈನ್ ಅವರ ಕೈಗೆ ಕೊಟ್ಟೆ. ಅವರು ಡಯಲ್ ಮಾಡುತ್ತಿದ್ದಾಗ ನಾನು ಮೈಕ್ ಆನ್ ಮಾಡಿದೆ. ಏಳು ವರ್ಷ ಬೇರೆಯವರ ಧ್ವನಿ ಕಾದವಳು ಮೊದಲ ಸಲ ಮೈಕಿನ ಮುಂದೆ ಬಾಯಿ ತೆರೆದದ್ದು ಆಗ. ಮೈದಾನದ ಲೈನ್ ಕಡಿದಿದೆ, ಕಡಿದಾಗ ಸ್ಕೋರು ಒಂದು-ಒಂದು ಇತ್ತು ಎಂದೆ. ನಾಲ್ಕು ನಿಮಿಷ ಸುಮ್ಮನಿದ್ದದ್ದು ನನ್ನ ತಪ್ಪು, ಕ್ಷಮಿಸಿ ಎಂದೆ. "ಈಗ ಕ್ಲಬ್ಬಿನ ಲೈನಿನಲ್ಲಿ ಇರುವವರು ಯಾರಾದರೂ ಸರಿ, ದಯವಿಟ್ಟು ಫೋನ್ ಇಡಿ. ನೀವು ಇಟ್ಟರೆ ಎಲ್ಲರಿಗೂ ಕೇಳಿಸುತ್ತದೆ. ಬೇರೆ ಯಾರೂ ಆ ನಂಬರಿಗೆ ಕರೆ ಮಾಡಬೇಡಿ."

ಅಷ್ಟರಲ್ಲಿ ತಂಗಿ ಜೀನ್ ಸಿಕ್ಕಿದ್ದರು. ಅವರಿಗೆ ಕಾಣುತ್ತಿದ್ದದ್ದು ನಮ್ಮ ತಂಡ ಕಾಯುತ್ತಿದ್ದ ಗೋಲು ಮಾತ್ರ. ಇನ್ನೊಂದು ಗೋಲನ್ನು ಸ್ಟ್ಯಾಂಡಿನ ತಗಡಿನ ಮಾಡು ಮರೆಮಾಡಿತ್ತು. ಆಟಗಾರರ ಹೆಸರೂ ಅವರಿಗೆ ಗೊತ್ತಿರಲಿಲ್ಲ. "ಕೆಂಪು ಕೂದಲಿನವನು ಒದ್ದ. ಚೆಂಡು ಹೋಯಿತು. ಈಗ ನನಗೆ ಕಾಣುತ್ತಿಲ್ಲ," ಎನ್ನುವರು. ಸ್ವಲ್ಪ ಹೊತ್ತು ಗಾಳಿಯ ಸದ್ದು, ದೂರದ ಕೂಗು. ಮತ್ತೆ, "ಬಂತು, ಬಂತು, ಎಲ್ಲರೂ ಈ ಕಡೆ ಓಡಿ ಬರುತ್ತಿದ್ದಾರೆ." ನನ್ನ ವೃತ್ತಿಯಲ್ಲಿ ಅದಕ್ಕಿಂತ ಕೆಟ್ಟ ಧ್ವನಿಯನ್ನು ನಾನು ಯಾರಿಗೂ ಕಳುಹಿಸಿರಲಿಲ್ಲ. ಪರದೆ ನೋಡಿದೆ. ಕೇಳುಗರಲ್ಲಿ ಒಬ್ಬರೂ ಬಿಟ್ಟುಹೋಗಿರಲಿಲ್ಲ. ನಾನು ಮೊದಲ ಲೈನಿನಲ್ಲಿ ಡಯಲ್ ಮಾಡುತ್ತಲೇ ಇದ್ದೆ, ಎಂಗೇಜ್ ಬರುತ್ತಲೇ ಇತ್ತು. ನಮ್ಮ ಮಾತು ಕೇಳುಗರನ್ನು ತಲುಪಲು ಅರ್ಧ ನಿಮಿಷಕ್ಕೂ ಹೆಚ್ಚು ಬೇಕೆಂದು ಗೊತ್ತಿದ್ದರೂ ಬೆರಳು ನಿಲ್ಲಲಿಲ್ಲ. ಒಮ್ಮೆ ರಿಂಗಾದಂತಾಗಿ ಮತ್ತೆ ಎಂಗೇಜ್ ಆಯಿತು. ಮಾತು ಕೇಳಿಸಿಕೊಳ್ಳದವರು ಇನ್ಯಾರೋ ನುಗ್ಗಿದ್ದರು. ನಾನು ಅದೇ ಮಾತನ್ನು ಇನ್ನೂ ಎರಡು ಸಲ ಹೇಳಿದೆ.

ಎಂಬತ್ತೆಂಟನೇ ನಿಮಿಷದಲ್ಲಿ ಜೀನರ ಫೋನಿನಲ್ಲಿ ಒಂದು ದೊಡ್ಡ ಗದ್ದಲ ಕೇಳಿಸಿತು. ನನ್ನ ಮೀಟರಿನ ಮುಳ್ಳು ಕೊನೆ ಮುಟ್ಟಿತು. ಆಮೇಲೆ ಯಾರೋ ಬಾಯಿ ಮುಚ್ಚಿಸಿದಂತೆ ಗದ್ದಲ ನಿಂತಿತು.

"ಆ ಕಡೆ ಏನೋ ಆಯಿತು," ಎಂದರು ಜೀನ್. "ಈಗ ಯಾರೂ ಕೂಗುತ್ತಿಲ್ಲ. ಡಂಕನ್, ರೆಫರಿ ಗೋಲು ಕೊಟ್ಟನೋ ಇಲ್ಲವೋ ನನಗೆ ಕಾಣುತ್ತಿಲ್ಲ."

ಡಂಕನ್ ಮೇಜಿನ ಅಂಚು ಹಿಡಿದು ನಿಂತಿದ್ದರು. ನಾನು ಮತ್ತೆ ಡಯಲ್ ಮಾಡಿದೆ. ಈ ಸಲ ರಿಂಗಾಯಿತು. ಪೆಟ್ಟಿಗೆ ಎತ್ತಿಕೊಂಡಿತು. ಧ್ವನಿ ಏರಿಸುವ ಫೇಡರನ್ನು ಮೇಲಕ್ಕೆ ತಳ್ಳಿದೆ. ಮೋರಾಗ್ ಒಂದೇ ಸಮನೆ ಹೇಳುತ್ತಿದ್ದರು: ರೆಫರಿ ಲೈನ್ಸ್‌ಮನ್ ಹತ್ತಿರ ಹೋಗುತ್ತಿದ್ದಾರೆ, ಲೈನ್ಸ್‌ಮನ್ ಬಾವುಟ ಎತ್ತಿಲ್ಲ, ಇಳಿಸಿಯೇ ಹಿಡಿದಿದ್ದಾನೆ, ಮಾತಾಡುತ್ತಿದ್ದಾರೆ, ರೆಫರಿ ತಲೆಯಾಡಿಸಿದರು, ತಿರುಗಿದರು.

"ಮಧ್ಯದ ಗೆರೆಯ ಕಡೆ ಕೈ ತೋರಿಸಿದರು. ಗೋಲು. ಮಕ್ಕಳಾ, ಗೋಲು."

ಆಕೆಯ ಪಕ್ಕದ ನಾಲ್ವರು ಅಂಧರ ಕೂಗು ಮೈಕನ್ನೇ ಮುಳುಗಿಸಿತು. ಡಂಕನ್ ನನ್ನ ಎರಡೂ ಕೈ ಹಿಡಿದು ಕುಲುಕಿದರು, ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತರು. ಮಿಕ್ಕ ಆರು ನಿಮಿಷ, ಹೆಚ್ಚುವರಿ ಸಮಯವೂ ಸೇರಿ, ನಾನು ಫೇಡರಿನ ಮೇಲಿಂದ ಬೆರಳು ತೆಗೆಯಲಿಲ್ಲ. ಬೆರಳು ತೆಗೆದರೆ ಲೈನ್ ಹೋಗುತ್ತದೆಂದು ನಂಬುವ ಎಂಜಿನಿಯರ್ ನಾನಲ್ಲ, ಆದರೂ ತೆಗೆಯಲಿಲ್ಲ. ಕೊನೆಯ ಸೀಟಿ ಊದಿದಾಗ ಡ್ರಮ್‌ಕಾರ್ನ್ ಎರಡು, ಎದುರಾಳಿ ಒಂದು. ಲೈನ್ ಕಡಿದಿತ್ತೆಂಬುದೇ ಮೋರಾಗರಿಗೆ ತಿಳಿದಿರಲಿಲ್ಲ. ಜೀನ್ ಇನ್ನೂ ಕಿಟಕಿಯಲ್ಲಿ ನಿಂತು ಎರಡನೇ ಲೈನಿನಲ್ಲಿ ಏನಾಯಿತೆಂದು ಕೇಳುತ್ತಲೇ ಇದ್ದರು. ಅಣ್ಣನ ಬದಲು ನಾನೇ ಹೇಳಿದೆ.

ಮೊಬೈಲ್ ಆನ್ ಮಾಡಿದರೆ ಕಾಮತರ ಒಂಬತ್ತು ವಾಯ್ಸ್‌ಮೇಲ್. ನಾನು ವಾಪಸು ಕರೆ ಮಾಡಿದೆ. ಅವರ ಧ್ವನಿ ತಗ್ಗಿತ್ತು.

"ಮೇಡಂ, ಮೊದ್ಲು ಲೈನ್ ಹಿಡ್ಕೊಂಡಿದ್ದು ನಾನೇ."

ಧ್ವನಿ ನಿಂತಾಗ ತನ್ನ ಸರ್ವರಿನದೇ ತೊಂದರೆ ಎಂದುಕೊಂಡರಂತೆ. ಅಲ್ಲವೆಂದು ತಿಳಿದ ಮೇಲೆ ಕ್ಲಬ್ಬಿಗೆ ನೇರ ಡಯಲ್ ಮಾಡಿದ್ದಾರೆ, ಮೋರಾಗ್ ಸಿಕ್ಕಿದ್ದಾರೆ. ಆ ಧ್ವನಿಯನ್ನು ಅಲ್ಲಿಂದಲೇ ಸರ್ವರಿಗೆ ಸೇರಿಸೋಣವೆಂದು ವೈರು ಹುಡುಕುತ್ತ, ಇನ್ನೊಂದು ಫೋನಿನಿಂದ ನನಗೆ ಕರೆ ಮಾಡುತ್ತ, ಲೈನ್ ಬಿಟ್ಟರೆ ಮತ್ತೆ ಸಿಗದು ಎಂಬ ಭಯದಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ನನ್ನ ಮಾತು ಕೇಳಿಸಿದ ಕೂಡಲೇ ಇಟ್ಟಿದ್ದಾರೆ.

"ನೀವು ಒಂದು ಮಾತು ಮೊದ್ಲೇ ಹೇಳ್ತಿದ್ರೆ ನಾನು ಮುಟ್ತಾನೇ ಇರ್ಲಿಲ್ಲ ಮಾರಾಯ್ರೆ," ಎಂದರು.

"ನಿಜ ಕಾಮತ್ರೇ, ತಪ್ಪು ನಂದೇ," ಎಂದೆ.

ಆಮೇಲೆ ಅವರು ಆ ಗೋಲು ಹೊಡೆದವನು ಯಾರೆಂದು ಕೇಳಿದರು.

ಜೂನಿನಲ್ಲಿ ಊರಿನ ವ್ಯಾಪಾರಿಗಳು ಸಹಿ ಹಾಕಿದರು. ಕ್ಲಬ್ಬು ಉಳಿಯಿತು. ಫೋನಿನ ಬಿಲ್ಲು ಕಟ್ಟಿದ ಮೇಲೆ ಅಲ್ಲಿಂದ ಬಂದ ಮೊದಲ ಕರೆ ನಮ್ಮ ಸ್ಟುಡಿಯೋಗೇ ಎಂದು ಡಂಕನ್ ಹಲವು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಮುಂದಿನ ವರ್ಷದಿಂದ ಕ್ಲಬ್ಬಿನವರೇ ಪ್ರಸಾರ ವಹಿಸಿಕೊಂಡರು, ನನ್ನ ಶನಿವಾರಗಳು ನನಗೆ ಮರಳಿದವು.

ಅದರ ನಂತರ ನಾನು ಇನ್ನೂ ದೊಡ್ಡ ಪ್ರಸಾರಗಳನ್ನು ನೋಡಿಕೊಂಡೆ, ಲೈನುಗಳು ಕಡಿಯುವುದನ್ನೂ ಬೇಕಾದಷ್ಟು ಸಲ ಕಂಡೆ. ಅಂದಿನವರೆಗೆ ಕೆಟ್ಟದ್ದನ್ನು ಬೇಗ ರಿಪೇರಿ ಮಾಡುವುದೇ ನನ್ನ ಕೆಲಸವೆಂದು ತಿಳಿದಿದ್ದೆ. ಆ ನಾಲ್ಕು ನಿಮಿಷದಲ್ಲಿ ನಾನು ಮಾಡಿದ ರಿಪೇರಿಯಿಂದ ಏನೂ ಆಗಲಿಲ್ಲ. ಸುಮ್ಮನಿದ್ದದ್ದರಿಂದ ಎಲ್ಲವೂ ಕೆಟ್ಟಿತು. ಕತ್ತಲಲ್ಲಿ ಬಿಟ್ಟರೆ ಒಳ್ಳೆಯ ಮನಸ್ಸಿನವರೇ ಬಂದು ದಾರಿಗೆ ಅಡ್ಡ ನಿಲ್ಲುತ್ತಾರೆ. ಏನಾಗಿದೆ, ನಮಗೆ ಏನು ಗೊತ್ತಿಲ್ಲ ಎಂದು ಹೇಳಿಬಿಟ್ಟರೆ ಅರ್ಧ ಮೈದಾನದ ಕಾಮೆಂಟರಿಯನ್ನೂ ಅವರು ಕಿವಿಗೊಟ್ಟು ಕೇಳುತ್ತಾರೆ. ನನ್ನ ಕೈಕೆಳಗೆ ಕೆಲಸಕ್ಕೆ ಬಂದ ಎಲ್ಲರಿಗೂ ಮೊದಲ ದಿನವೇ ಹೇಳುತ್ತಿದ್ದೆ: ಲೈನ್ ಹೋದರೆ ಮೊದಲು ಮೈಕ್ ಆನ್ ಮಾಡಿ, ಕೇಬಲ್ಲು ಆಮೇಲೆ ಹುಡುಕಿ.