ಹೊಲಿಗೆ ಮಷಿನ್ನಿನ ಹಿಂದಿನ ಮುಖ

ಬೀದಿಯಲ್ಲಿ ಕಂಡ ಅಪರಿಚಿತರ ಮುಖಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವ ಹುಚ್ಚು ನನಗೆ. ಅವತ್ತು ಲಕ್ಷ್ಮೇಶ್ವರದ ಬಜಾರಿನಲ್ಲಿ, ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು ಸೀರೆಗೆ ಫಾಲ್ ಹೊಲಿಯುತ್ತ ಕೂತಿದ್ದಳು. ಅರ್ಧ ಮುಖಕ್ಕೆ ಮಾತ್ರ ಬಿಸಿಲು ಬಿದ್ದಿತ್ತು. ಕ್ಲಿಕ್ಕಿಸಿದೆ.

ಮಷಿನ್ ನಿಂತಿತು. “ಯಾರು ಕಳಿಸ್ಯಾರ್ರಿ ನಿಮ್ಮನ್ನ?”

“ಯಾರೂ ಕಳಿಸಿಲ್ರಿ ಅಕ್ಕಾರ. ನನ್ನ ಖುಷಿಗೆ ತಗೀತೀನಿ.”

“ಗುರ್ತಿಲ್ಲದವರ ಮಾರಿ ತಗದ್ರ ಎಂಥಾ ಖುಷಿರಿ? ಮುಂಡರಗಿಯಿಂದ ಬಂದೀರೇನು?”

ಗದಗದವನು ಎಂದೆ. ಅವಳು ನಂಬಲಿಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಗಂಡನ ಮನಿ ಬಿಟ್ಟು ಬಂದೀನ್ರಿ. ನಾ ಎಲ್ಲಿ ಅದೀನಿ ಅಂತ ಆ ಮಂದಿಗೆ ಗೊತ್ತಿಲ್ಲ. ಈ ಫೋಟೋ ಒಬ್ಬರ ಮೊಬೈಲಿಗೆ ಹೋದ್ರ ಸಾಕು, ಹುಡುಕ್ಕೊಂಡು ಬರ್ತಾರ.”

ಗಾಬರಿಯಲ್ಲಿ ಕ್ಯಾಮೆರಾ ಅವಳ ಮುಂದೆ ಹಿಡಿದು, ಅವಳು ನೋಡುತ್ತಿದ್ದಂತೆಯೇ ಫೋಟೋ ಅಳಿಸಿದೆ. ಅಂಥ ಚಿತ್ರ ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

“ಒಳಗ ಎಲ್ಲೋ ಉಳದಿರತೈತಿ,” ಎಂದಳು.

ಇಲ್ಲವೆಂದು ಆಣೆ ಮಾಡಿದೆ. ಆಣೆಯನ್ನೂ ಅವಳು ನಂಬಲಿಲ್ಲ. ತನ್ನ ಮೊಬೈಲ್ ತೆಗೆದು, “ಸ್ವಲ್ಪ ಬೆಳಕಿಗೆ ನಿಂದರ್ರಿ,” ಎಂದವಳೇ ನನ್ನ ಮುಖಕ್ಕೆ ಹಿಡಿದಳು.

“ಇದ್ಯಾಕ್ರಿ?”

“ನಾಳೆ ಅವರು ಬಂದ್ರ, ಪೊಲೀಸರಿಗೆ ನಿಮ್ಮ ಮಾರಿ ತೋರಸಾಕ. ಆತು, ಇನ್ನ ಹೋಗ್ರಿ.”

ಮಷಿನ್ ಮತ್ತೆ ಶುರುವಾಯಿತು. ಅವರು ಬರದಿರಲಿ ಎಂದು ನಾನು ಇಂದಿಗೂ ಬೇಡಿಕೊಳ್ಳುತ್ತೇನೆ. ಅವಳಿಗಾಗಿ ಮಾತ್ರ ಅಲ್ಲ. ಆ ಗಾಬರಿಯಲ್ಲಿ ತೆಗೆಸಿಕೊಂಡ ಫೋಟೋದಲ್ಲಿ ನಾನು ಖಂಡಿತ ಕಳ್ಳನ ಹಾಗೇ ಕಾಣುತ್ತಿರುತ್ತೇನೆ.